ರಕ್ಷಣಾ ಕ್ರೀಡೆಗೆ ಎಳೆಯ ನಾಯಿಯ ತಯಾರಿ: ಕಲಬುರಗಿ ಭಾಗದ ಕ್ಲಬ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಜರ್ಮನ್ ಶೆಫರ್ಡ್, ರಾಟ್‌ವೀಲರ್, ಡಾಬರ್‌ಮನ್ ಸಾಕುವವರು ಹಿಂದಿನಿಂದಲೂ ಇದ್ದಾರೆ. ಈಚೆಗೆ ಬೆಲ್ಜಿಯನ್ ಮಾಲಿನ್ವಾ ಮರಿಗಳೂ ಬರತೊಡಗಿವೆ. ಇಂಥ ಮರಿಯನ್ನು ಮೊದಲ ಸಲ ಕ್ಲಬ್ಬಿಗೆ ಕರೆತರುವವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ಕಚ್ಚುವುದನ್ನು ಯಾವಾಗ ಕಲಿಸುತ್ತೀರಿ? ಕಚ್ಚುವುದು ಈ ತಳಿಗಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಏನನ್ನು ಹಿಡಿಯಬೇಕು, ಎಷ್ಟು ನೆಮ್ಮದಿಯಿಂದ ಹಿಡಿದುಕೊಂಡಿರಬೇಕು, ಯಾವ ಮಾತಿಗೆ ಬಿಡಬೇಕು ಎಂಬುದನ್ನು ಮಾತ್ರ ನಾವು ಕಲಿಸಬೇಕಾಗಿದೆ, ಮತ್ತು ಅದಕ್ಕೆ ಮರಿಯ ವಯಸ್ಸನ್ನು ಮೀರದೆ ಒಂದೂವರೆ ವರ್ಷ ತಾಳ್ಮೆಯಿಂದ ಕೆಲಸ ಮಾಡಬೇಕಾಗುತ್ತದೆ. ಮುಂದಿನ ವಿವರಗಳೆಲ್ಲ ಎಂಟು ವಾರದ ಮರಿಯಿಂದ ಹಿಡಿದು ಹದಿನೆಂಟು ತಿಂಗಳ ನಾಯಿಯವರೆಗಿನ ಆ ಅವಧಿಗೆ ಸಂಬಂಧಿಸಿದವು.

ಕ್ರೀಡೆಯ ಸ್ವರೂಪ

ಜರ್ಮನಿಯಲ್ಲಿ 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಅವರ ಮುಂದಾಳತ್ವದಲ್ಲಿ ಜರ್ಮನ್ ಶೆಫರ್ಡ್ ತಳಿಯ ಸಂಘ ಸ್ಥಾಪನೆಯಾಯಿತು. ಕುರಿ ಕಾಯುವ ಕೆಲಸ ಕಡಿಮೆಯಾಗುತ್ತ ಹೋದಂತೆ ತಳಿಯ ದುಡಿಯುವ ಗುಣ ಉಳಿದಿದೆಯೇ ಎಂದು ನೋಡುವ ಒಂದು ಪರೀಕ್ಷೆ ಬೇಕಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶುಟ್ಜ್‌ಹುಂಡ್ ಎಂಬ ಹೆಸರಿನಲ್ಲಿ ರೂಪುಗೊಂಡ ಆ ಪರೀಕ್ಷೆಯೇ ಮುಂದೆ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ನಿಯಮಗಳಡಿ ಐಪಿಒ ಆಗಿ ಬೆಳೆದು, 2019ರಿಂದ ಐಜಿಪಿ ಎಂದು ಕರೆಸಿಕೊಳ್ಳುತ್ತಿದೆ. ಜಾಡು ಹಿಡಿಯುವುದು, ವಿಧೇಯತೆ, ರಕ್ಷಣೆ ಎಂಬ ಮೂರು ಭಾಗಗಳಿದ್ದು, ಪ್ರತಿಯೊಂದಕ್ಕೂ 100 ಅಂಕಗಳಿರುತ್ತವೆ ಮತ್ತು ಪ್ರತಿಯೊಂದರಲ್ಲೂ ಕನಿಷ್ಠ 70 ಅಂಕ ಪಡೆಯದೆ ತೇರ್ಗಡೆಯಿಲ್ಲ. ಆದ್ದರಿಂದ ರಕ್ಷಣೆಯೊಂದನ್ನೇ ಅಭ್ಯಾಸ ಮಾಡಿಸಿದ ನಾಯಿ, ಎದುರಾಳಿ ತೋಳಿಗೆ ತೊಡುವ ದಪ್ಪ ಕವಚವಾದ ಸ್ಲೀವ್‌ಅನ್ನು ಅದೆಷ್ಟೇ ಚೆನ್ನಾಗಿ ಹಿಡಿಯಲಿ, ಈ ಕ್ರೀಡೆಯಲ್ಲಿ ಮುಂದೆ ಹೋಗುವುದಿಲ್ಲ.

ಹೊಲದ ಮನೆಗೆ ಕಾವಲು ಬೇಕು, ಅಪರಿಚಿತರನ್ನು ಕಂಡರೆ ನಾಯಿ ಎರಗಬೇಕು ಎಂದು ಬಯಸಿ ಬರುವವರಿಗೆ ಕ್ಲಬ್ ಮೊದಲ ದಿನವೇ ಸ್ಪಷ್ಟವಾಗಿ ಹೇಳಬೇಕು: ಇಲ್ಲಿ ಅದನ್ನು ಕಲಿಸುವುದಿಲ್ಲ. ಈ ಕ್ರೀಡೆಯ ನಾಯಿ ಜನಸಂದಣಿಯ ನಡುವೆ ಸುಮ್ಮನೆ ನಡೆಯಬಲ್ಲದ್ದಾಗಿರಬೇಕು, ಹಿಡಿದದ್ದನ್ನು ಒಂದೇ ಮಾತಿಗೆ ಬಿಡಬೇಕು. ಅದನ್ನು ಒಪ್ಪದವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳದಿರುವುದೇ ಒಳ್ಳೆಯದು. ಮೈದಾನದ ಹೊರಗೆ ಒಂದೇ ಒಂದು ಅನಾಹುತವಾದರೂ ಕ್ಲಬ್ಬಿನ ಎಲ್ಲರ ಕೆಲಸಕ್ಕೆ ಕಲ್ಲು ಬೀಳುತ್ತದೆ.

ಮರಿಯ ಆಯ್ಕೆ

ಮರಿಯ ಬಣ್ಣ, ತಲೆಯ ಗಾತ್ರ ನೋಡುವ ಮೊದಲು ತಾಯಿ ನಾಯಿಯನ್ನು ನೋಡಬೇಕು. ಅದು ಹೊಸಬರ ಮುಂದೆ ಅಳುಕದೆ, ಅರಚಾಡದೆ ನಿಲ್ಲುತ್ತದೆಯೇ, ಕಬ್ಬಿಣದ ಬಕೆಟ್ ಬಿದ್ದ ಸದ್ದಿಗೆ ಬೆಚ್ಚಿದರೂ ಬೇಗ ಸುಧಾರಿಸಿಕೊಂಡು ಬಂದು ಮೂಸುತ್ತದೆಯೇ ಎಂಬುದು ಮುಖ್ಯ. ತಂದೆ ತಾಯಿಗಳ ಸೊಂಟದ ಕೀಲಿನ ಎಕ್ಸ್‌ರೇ ಕೇಳಲು ಸಂಕೋಚ ಬೇಡ. ಮುಧೋಳ ನಾಯಿಯನ್ನು ತರಬಹುದೇ ಎಂದು ನಮ್ಮ ಕಡೆ ಅನೇಕರು ಕೇಳುತ್ತಾರೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಆ ತಳಿಗೆಂದೇ ಕೇಂದ್ರವೂ ಇದೆ. ಆದರೆ ಮುಧೋಳ ಕಣ್ಣಿನಿಂದ ಕಂಡು ಓಡಿ ಬೇಟೆಯಾಡುವ ನಾಯಿ. ಒಂದು ವಸ್ತುವನ್ನು ಬಾಯಿತುಂಬ ಹಿಡಿದು ಮನುಷ್ಯನೊಡನೆ ಎಳೆದಾಡುವ ಆಟದಲ್ಲಿ ಅದಕ್ಕೆ ಅಷ್ಟು ಆಸಕ್ತಿ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಸುಂದರ ತಳಿಯನ್ನು ಅದರ ಸ್ವಭಾವಕ್ಕೆ ಒಗ್ಗದ ಕೆಲಸಕ್ಕೆ ಎಳೆಯುವುದು ಸರಿಯಲ್ಲ.

ಮೈದಾನ, ಸಾಮಾನು, ಜನ

ಮೈದಾನದಲ್ಲಿ ಮೂವರು ಇರಲೇಬೇಕು: ನಾಯಿಯ ಒಡೆಯನಾದ ಹ್ಯಾಂಡ್ಲರ್, ಎದುರಾಳಿಯ ಪಾತ್ರ ವಹಿಸುವ ಹೆಲ್ಪರ್, ಮತ್ತು ಇಬ್ಬರನ್ನೂ ದೂರದಿಂದ ನೋಡಿ "ಸಾಕು" ಎಂದು ಹೇಳುವ ಅಧಿಕಾರವಿರುವ ತರಬೇತಿ ಮುಖ್ಯಸ್ಥ. ಇವರಲ್ಲಿ ಮರಿಯ ಭವಿಷ್ಯ ಹೆಚ್ಚಾಗಿ ಇರುವುದು ಹೆಲ್ಪರ್ ಕೈಯಲ್ಲಿ. ಒಳ್ಳೆಯ ಹೆಲ್ಪರ್ ಮರಿಯ ಕಣ್ಣು, ಕಿವಿ, ಬಾಲ ನೋಡುತ್ತ ತನ್ನ ಚಲನೆಯನ್ನು ಕ್ಷಣಕ್ಷಣಕ್ಕೂ ಬದಲಿಸಿಕೊಳ್ಳುತ್ತಾನೆ ಮತ್ತು ಮರಿಗೆ ಗೆಲುವನ್ನು ಬಿಟ್ಟುಕೊಡಲು ಹಿಂಜರಿಯುವುದಿಲ್ಲ. ನಾಯಿಯನ್ನು ಹೆದರಿಸಿ ತನ್ನ ಗಟ್ಟಿತನ ತೋರಿಸಲು ಬಯಸುವ ಯುವಕನನ್ನು, ಅವನು ಎಷ್ಟೇ ಬಲಶಾಲಿಯಾಗಿದ್ದರೂ, ಎಳೆಯ ನಾಯಿಗಳ ಮುಂದೆ ನಿಲ್ಲಿಸಬಾರದು. ಹೊಸ ಹೆಲ್ಪರ್ ಮೊದಲು ನಾಯಿಯಿಲ್ಲದೆ, ಮತ್ತೊಬ್ಬ ಸದಸ್ಯ ಹಗ್ಗದ ತುದಿ ಹಿಡಿದು ಎಳೆಯುತ್ತಿರುವಾಗ ಸ್ಲೀವ್ ಹಿಡಿದು ಹೆಜ್ಜೆ ಹಾಕುವುದನ್ನು ಕಲಿಯಬೇಕು. ಆಮೇಲೆ ಅನುಭವಿ ನಾಯಿಗಳೊಡನೆ, ಎಲ್ಲಕ್ಕಿಂತ ಕೊನೆಗೆ ಮರಿಗಳೊಡನೆ.

ಸಾಮಾನಿಗೆ ಆರಂಭದಲ್ಲಿ ದೊಡ್ಡ ಖರ್ಚಿಲ್ಲ. ಕಲಬುರಗಿ ತೊಗರಿಯ ಊರು. ದಾಲ್ ಮಿಲ್‌ಗಳ ಸುತ್ತ ಸೆಣಬಿನ ಗೋಣಿಚೀಲಕ್ಕೆ ಬರವಿಲ್ಲ. ಔಷಧ ಲೇಪಿಸಿದ ಬಿತ್ತನೆ ಬೀಜವನ್ನಾಗಲಿ ಕೀಟನಾಶಕವನ್ನಾಗಲಿ ಎಂದೂ ತುಂಬಿರದ ಚೀಲವನ್ನೇ ಆರಿಸಿ, ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ, ತೋಳಿನುದ್ದದ ಪಟ್ಟಿಗಳಾಗಿ ಕತ್ತರಿಸಿ ಎರಡು ಮೂರು ಪದರ ಮಡಿಸಿ ಹೊಲಿದರೆ ಮರಿಗೆ ಬೇಕಾದ ಮೊದಲ ಆಟಿಕೆ ಸಿದ್ಧ. ಪ್ಲಾಸ್ಟಿಕ್ ಚೀಲದ ಎಳೆಗಳು ಹಲ್ಲಿಗೆ ಸಿಕ್ಕಿಕೊಂಡು ಹೊಟ್ಟೆಗೆ ಹೋಗುತ್ತವೆಯಾದ್ದರಿಂದ ಅವು ಬೇಡ. ಇದರ ಜೊತೆಗೆ ಎದೆಗೆ ಅಗಲವಾಗಿ ಕೂರುವ ಹಾರ್ನೆಸ್, ಚಪ್ಪಟೆ ಕೊರಳಪಟ್ಟಿ, 2 ಮೀಟರಿನ ಒಂದು ಲೀಶ್, 10 ಮೀಟರಿನ ಒಂದು ಉದ್ದನೆಯ ಹಗ್ಗ ಇದ್ದರೆ ಮೊದಲ ವರ್ಷದ ಬಹುಪಾಲು ಕಳೆಯುತ್ತದೆ. ಮುಳ್ಳುಪಟ್ಟಿ ಮತ್ತು ವಿದ್ಯುತ್ ಕೊರಳಪಟ್ಟಿಗಳಿಗೆ ಎಳೆಯ ನಾಯಿಯ ತರಬೇತಿಯಲ್ಲಿ ಜಾಗವಿಲ್ಲ ಎಂಬುದು ನನ್ನ ದೃಢವಾದ ನಿಲುವು.

ಆಟದ ನೆಲ ಮಣ್ಣು ಅಥವಾ ಹುಲ್ಲಿನದಾಗಿರಬೇಕು. ನಮ್ಮ ಮನೆಗಳ ಅಂಗಳದಲ್ಲಿ ಹಾಸಿರುವ ಶಹಾಬಾದ್ ಫರಸಿ ನುಣುಪಾಗಿರುವುದರಿಂದ ಅದರ ಮೇಲೆ ಎಳೆದಾಡುವ ಮರಿಯ ಹಿಂಗಾಲುಗಳು ಜಾರಿ ಕೀಲುಗಳಿಗೆ ಪೆಟ್ಟಾಗುತ್ತದೆ. ಕಾಲು ಗಟ್ಟಿಯಾಗಿ ಊರಲಾಗದ ಮರಿಗೆ ಹಿಡಿತದಲ್ಲೂ ಧೈರ್ಯ ಬರುವುದಿಲ್ಲ.

ಎಂಟು ವಾರದಿಂದ ನಾಲ್ಕು ತಿಂಗಳವರೆಗೆ

ಮರಿ ಲೋಕವನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಅವಧಿ ಸುಮಾರು ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಇರುತ್ತದೆ. ಆದರೆ ಲಸಿಕೆಗಳು ಪೂರ್ತಿಯಾಗುವುದೂ ಅದೇ ಕಾಲದಲ್ಲಿ ಅಥವಾ ತುಸು ನಂತರ: ಪಾರ್ವೋ, ಡಿಸ್ಟೆಂಪರ್ ಮೊದಲಾದವುಗಳ ಲಸಿಕೆ ಆರರಿಂದ ಎಂಟನೆಯ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಮುಂದುವರಿಯುತ್ತದೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಬೀಳುತ್ತದೆ. ಈ ಎರಡನ್ನೂ ಸಂಭಾಳಿಸುವ ದಾರಿಯೆಂದರೆ, ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸದೆ ತೋಳಿನಲ್ಲಿ ಎತ್ತಿಕೊಂಡೋ ಕಾರಿನಲ್ಲಿ ಕೂರಿಸಿಕೊಂಡೋ ಲೋಕ ತೋರಿಸುವುದು. ಸೂಪರ್ ಮಾರ್ಕೆಟ್ ಕಡೆಯ ಗದ್ದಲ, ರೈಲು ನಿಲ್ದಾಣದ ಹೊರಗಿನ ಆಟೋಗಳ ಸಾಲು, ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆ ಓಡಾಡುವ ಮಕ್ಕಳು, ಬುರ್ಖಾ ಧರಿಸಿದವರು, ತಲೆಗೆ ರುಮಾಲು ಸುತ್ತಿದವರು, ಕೋಲೂರಿ ನಡೆಯುವ ಹಿರಿಯರು: ಇವೆಲ್ಲವನ್ನೂ ಮರಿ ದೂರದಿಂದ ನೋಡುತ್ತ ನಿಮ್ಮ ಕೈಯಿಂದ ತಿನ್ನುತ್ತಿರಬೇಕು. ಜಾತ್ರೆ, ಉರುಸ್‌ಗಳ ನಡುವೆ, ಪಟಾಕಿ ಸಿಡಿಯುವಲ್ಲಿ ಮರಿಯನ್ನು ಒಯ್ಯಬಾರದು. ಸಹಿಸಲಾರದಷ್ಟು ಸದ್ದಿನಿಂದ ಧೈರ್ಯ ಬರುವುದಿಲ್ಲ.

ಇದೇ ಹೊತ್ತಿಗೆ ಆಜ್ಞೆಗಳ ಪದಗಳನ್ನೂ ಮನೆಯವರೆಲ್ಲ ಕುಳಿತು ಗೊತ್ತುಮಾಡಿಕೊಳ್ಳಬೇಕು. ನಮ್ಮ ಭಾಗದ ಮನೆಗಳಲ್ಲಿ ಅಜ್ಜಿ "ಕುಂದ್ರು" ಎನ್ನುತ್ತಾಳೆ, ಪಕ್ಕದ ಮನೆಯವರು "ಬೈಠ್" ಎನ್ನುತ್ತಾರೆ, ಮಕ್ಕಳು "ಸಿಟ್" ಎನ್ನುತ್ತಾರೆ. ಮರಿಗೆ ಮೂರೂ ಬರೀ ಸದ್ದಾಗಿ ಉಳಿಯುತ್ತವೆ. ಕ್ಲಬ್‌ಗಳಲ್ಲಿ ಫುಸ್ (ಪಕ್ಕದಲ್ಲಿ ನಡೆ), ಸಿಟ್ಜ್ (ಕೂರು), ಪ್ಲಾಟ್ಜ್ (ಮಲಗು), ಔಸ್ (ಬಿಡು) ಎಂಬ ಜರ್ಮನ್ ಪದಗಳು ರೂಢಿಯಲ್ಲಿವೆ, ಆದರೆ ನಿಯಮ ಜರ್ಮನ್ನನ್ನೇ ಬೇಡುವುದಿಲ್ಲ. ಯಾವ ಭಾಷೆಯಾದರೂ ಸರಿ, ಒಂದು ಕೆಲಸಕ್ಕೆ ಒಂದೇ ಪದ ಇರಲಿ.

ಚಿಂದಿಯ ಆಟ

ರಕ್ಷಣಾ ಭಾಗದ ಅಡಿಪಾಯವೆಲ್ಲ ಗೋಣಿಚಿಂದಿಯ ಆಟದಲ್ಲಿದೆ. ಇದನ್ನು ಅವಸರದಲ್ಲಿ ಮುಗಿಸಿದ ಕ್ಲಬ್‌ಗಳು ಮುಂದೆ ಎರಡು ವರ್ಷ ಅದರ ತಪ್ಪುಗಳನ್ನು ತಿದ್ದುತ್ತ ಕೂರುತ್ತವೆ. ಮರಿ ಹತ್ತು ವಾರದ್ದಾದಾಗ ಮನೆಯಲ್ಲಿ ಒಡೆಯನೇ ಇದನ್ನು ಶುರುಮಾಡಬಹುದು. ಊಟ ಮಾಡಿ ಎರಡು ಮೂರು ತಾಸು ಕಳೆದಿರಬೇಕು, ಮರಿ ನಿದ್ದೆ ಮುಗಿಸಿ ಲವಲವಿಕೆಯಿಂದಿರಬೇಕು, ಹೊರಗೆ ತಂಪಿರಬೇಕು.

ಚಿಂದಿಯನ್ನು ನೆಲಕ್ಕೆ ತಾಗಿಸಿ ಮರಿಯಿಂದ ದೂರಕ್ಕೆ, ಅಡ್ಡಡ್ಡವಾಗಿ, ತಡೆದು ತಡೆದು ಎಳೆಯಬೇಕು. ಬೇಟೆಯ ಪ್ರಾಣಿ ಎಂದೂ ಬೇಟೆಗಾರನ ಮುಖದ ಮೇಲೆ ಬಂದು ಬೀಳುವುದಿಲ್ಲ. ಆದ್ದರಿಂದ ಚಿಂದಿಯನ್ನು ಮರಿಯ ಮುಖಕ್ಕೆ ತುರುಕುವುದು, ಮೂತಿಗೆ ಬಡಿಯುವುದು ಆಟವನ್ನೇ ಕೆಡಿಸುತ್ತದೆ. ಮರಿ ಬೆನ್ನಟ್ಟಿದಾಗ ಚಿಂದಿ ಒಂದೆರಡು ಸಲ ತಪ್ಪಿಸಿಕೊಂಡು ಮೂರನೆಯ ಸಲಕ್ಕೆ ಸಿಗಬೇಕು, ಸಿಕ್ಕ ಕೂಡಲೇ ಚಿಂದಿ ಜೀವವಿದ್ದಂತೆ ಸಣ್ಣಗೆ ಅದುರಬೇಕು. ನೀವು ಹಗುರಾಗಿ ಬಿಗಿ ಹಿಡಿದು, ಮರುಕ್ಷಣ ಸಡಿಲಿಸಿ. ಸಡಿಲವಾದಾಗ ಮರಿ ತಾನಾಗಿ ಮುಂದೆ ನುಗ್ಗಿ ಇನ್ನಷ್ಟು ಬಾಯೊಳಗೆ ತೆಗೆದುಕೊಂಡರೆ, ಅದೇ ಕ್ಷಣಕ್ಕೆ ಚಿಂದಿಯನ್ನು ಪೂರ್ತಿ ಬಿಟ್ಟುಕೊಡಿ. ಈ ಒಂದು ಕ್ಷಣದ ಲೆಕ್ಕಾಚಾರದಲ್ಲೇ ಮರಿ ಮುಖ್ಯವಾದ ಪಾಠ ಕಲಿಯುತ್ತದೆ: ತುದಿಹಲ್ಲಿನಲ್ಲಿ ಕಚ್ಚಿ ಜಗ್ಗಾಡಿದರೆ ಏನೂ ಸಿಗುವುದಿಲ್ಲ, ದವಡೆಯ ಹಿಂಭಾಗದವರೆಗೆ ತುಂಬಿ ಹಿಡಿದು ಸುಮ್ಮನಿದ್ದರೆ ಗೆಲುವು ತನ್ನದಾಗುತ್ತದೆ. ಎಳೆಯುವಾಗ ಕೈ ನೇರವಾಗಿ ಮರಿಯ ಬೆನ್ನಿನ ಸಾಲಿನಲ್ಲಿರಬೇಕು. ಮರಿಯನ್ನು ಚಿಂದಿಯ ಸಮೇತ ನೆಲದಿಂದ ಮೇಲೆತ್ತಿ ತೂಗಾಡಿಸಿ ವಿಡಿಯೋ ಮಾಡುವ ಹುಚ್ಚು ಈಚೆಗೆ ಹೆಚ್ಚಾಗಿದೆ. ಕೊರಳು, ಹಲ್ಲು ಎರಡಕ್ಕೂ ಅದು ಕೆಡುಕು.

ಗೆದ್ದ ಮರಿ ಚಿಂದಿಯನ್ನು ಹೊತ್ತುಕೊಂಡು ಓಡಾಡಲಿ. ಹಗ್ಗದಿಂದ ಮೆಲ್ಲಗೆ ನಿಮ್ಮತ್ತ ಕರೆದು, ಕೂತು, ಎದೆ ಮತ್ತು ಪಕ್ಕೆಯನ್ನು ನಿಧಾನವಾಗಿ ಸವರಿ. ಚಿಂದಿಯ ಕಡೆಗೆ ಕೈ ಹಾಕಬೇಡಿ. ಒಡೆಯ ಹತ್ತಿರ ಬಂದರೆ ಗೆದ್ದದ್ದು ಕಳೆದುಹೋಗುತ್ತದೆ ಎಂದು ಮರಿ ಒಮ್ಮೆ ನಂಬಿದರೆ ಅಗಿಯುವ, ದೂರ ಓಡುವ, ಗುರುಗುಟ್ಟುವ ಅಭ್ಯಾಸಗಳು ಶುರುವಾಗುತ್ತವೆ. ಸ್ವಲ್ಪ ಹೊತ್ತಿನ ನಂತರ ಒಂದು ತುಂಡು ತಿನಿಸನ್ನು ಮೂಗಿನ ಬಳಿ ತಂದು, ಮರಿ ಬಾಯಿ ತೆರೆದ ಕ್ಷಣಕ್ಕೆ ನೀವು ಆರಿಸಿಕೊಂಡ ಬಿಡುವ ಪದವನ್ನು ಹೇಳಿ, ಕೂಡಲೇ ಚಿಂದಿಗೆ ಮತ್ತೆ ಜೀವ ತರಿಸಿ. ಐದು ನಿಮಿಷಕ್ಕಿಂತ ಹೆಚ್ಚು ಆಡಿಸಬೇಡಿ. ಮರಿಗೆ ಇನ್ನೂ ಬೇಕೆನಿಸುತ್ತಿರುವಾಗಲೇ ಎತ್ತಿಕೊಂಡು ಹೋಗಬೇಕು.

ಹಲ್ಲು ಬದಲಾಗುವ ಕಾಲ ಮತ್ತು ಜಾಡಿನ ಪಾಠ

ನಾಲ್ಕನೆಯ ತಿಂಗಳಿನಿಂದ ಆರೇಳನೆಯ ತಿಂಗಳವರೆಗೆ 28 ಹಾಲುಹಲ್ಲುಗಳು ಉದುರಿ 42 ಶಾಶ್ವತ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ಎಳೆದಾಡುವ ಆಟ ಪೂರ್ತಿ ನಿಲ್ಲಬೇಕು. ನೋವಿನ ನೆನಪು ಹಿಡಿತಕ್ಕೆ ಅಂಟಿಕೊಂಡರೆ ಅದನ್ನು ಬಿಡಿಸುವುದು ಬಹಳ ಕಷ್ಟ. ನಿಲ್ಲಿಸಿದರೆ ಮರಿ ಹಿಂದುಳಿಯುತ್ತದೆ ಎಂಬ ಆತಂಕಕ್ಕೆ ಕಾರಣವಿಲ್ಲ. ಈ ತಿಂಗಳುಗಳನ್ನು ಜಾಡಿನ ಕಲಿಕೆಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಬಳಕೆ ಮತ್ತೊಂದಿಲ್ಲ.

ಜಾಡು ಶುರುಮಾಡಲು ಮೊದಲು ಒಂದು ಚದರ ಮೀಟರಿನಷ್ಟು ಮಣ್ಣನ್ನು ಕಾಲಿನಿಂದ ಚೆನ್ನಾಗಿ ತುಳಿದು, ಅದರಲ್ಲಿ ಬೇಯಿಸಿದ ಕೋಳಿಯ ಸಣ್ಣ ಚೂರುಗಳನ್ನು ಉದುರಿಸಿ ಮರಿಯನ್ನು ಬಿಡಬೇಕು. ತುಳಿದ ನೆಲದಲ್ಲಿ ತಿನಿಸಿದೆ, ತುಳಿಯದ ನೆಲದಲ್ಲಿಲ್ಲ ಎಂದು ಮೂಗಿಗೆ ತಿಳಿದ ಮೇಲೆ ಅಲ್ಲಿಂದ ನೇರವಾಗಿ ಹತ್ತು ಹದಿನೈದು ಹೆಜ್ಜೆ, ಪ್ರತಿ ಹೆಜ್ಜೆಗುರುತಿನಲ್ಲೂ ಒಂದು ಚೂರು. ಮರಿ ಮೂಗನ್ನು ನೆಲಕ್ಕೆ ಹಚ್ಚಿ ಒಂದೊಂದೇ ಹೆಜ್ಜೆ ಪರೀಕ್ಷಿಸುತ್ತ ನಿಧಾನವಾಗಿ ಹೋಗಬೇಕು. ಅವಸರಪಟ್ಟರೆ ಹಗ್ಗವನ್ನು ಜಗ್ಗದೆ ಬರೀ ಬಿಗಿ ಹಿಡಿದು ನಿಲ್ಲಬೇಕು. ವಾರಗಳು ಕಳೆದಂತೆ ಜಾಡು ಉದ್ದವಾಗುತ್ತದೆ, ಚೂರುಗಳು ವಿರಳವಾಗುತ್ತವೆ, ಆಮೇಲೆ ತಿರುವುಗಳು ಬರುತ್ತವೆ. ಐಜಿಪಿ ಮೊದಲ ಹಂತದಲ್ಲಿ ಹ್ಯಾಂಡ್ಲರ್ ತಾನೇ ತುಳಿದ, ಕನಿಷ್ಠ 300 ಹೆಜ್ಜೆಯ, 20 ನಿಮಿಷ ಹಳೆಯದಾದ ಜಾಡನ್ನು ನಾಯಿ 10 ಮೀಟರ್ ಹಗ್ಗದ ಮುಂದೆ ಹಿಡಿದು ಸಾಗಬೇಕಾಗುತ್ತದೆ ಎಂಬುದು ಮನಸ್ಸಿನಲ್ಲಿರಲಿ.

ನಮ್ಮ ಕಪ್ಪುಮಣ್ಣು ಜಾಡಿನ ಕಲಿಕೆಗೆ ವರವೂ ಹೌದು, ತೊಡಕೂ ಹೌದು. ತುಸು ತೇವವಿರುವಾಗ ಹೆಜ್ಜೆಯ ಗುರುತು ಅಚ್ಚಿನಂತೆ ಮೂಡಿ ವಾಸನೆ ನೆಲದಲ್ಲೇ ನಿಲ್ಲುತ್ತದೆ. ಮಳೆ ಬಿದ್ದ ಮರುದಿನ ಅದೇ ಮಣ್ಣು ಪಾದಕ್ಕೆ ಗೋಂದಿನಂತೆ ಮೆತ್ತಿ ಮರಿ ಬೇಸತ್ತುಹೋಗುತ್ತದೆ. ಬೇಸಿಗೆಯಲ್ಲಿ ಬಾಯ್ಬಿಟ್ಟ ಬಿರುಕುಗಳಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ನವೆಂಬರಿನಿಂದ ಜನವರಿಯವರೆಗೆ ಬೆಳಗಿನ ಇಬ್ಬನಿ ಇರುವ ಹೊತ್ತು ಅತ್ಯುತ್ತಮ. ಆದರೆ ಅದೇ ತಿಂಗಳುಗಳಲ್ಲಿ ತೊಗರಿ ಹೊಲಗಳಿಗೆ ಕಾಯಿಕೊರಕದ ಔಷಧ ಸಿಂಪಡಿಸುತ್ತಿರುತ್ತಾರೆ, ಆದ್ದರಿಂದ ರೈತನನ್ನು ಕೇಳದೆ ಯಾವ ಹೊಲಕ್ಕೂ ಇಳಿಯಬಾರದು. ಕೊಯ್ದ ತೊಗರಿಯ ಕೂಳೆ ಚೂಪಾದ ಕಟ್ಟಿಗೆಯಂತಿದ್ದು, ಮೂಗು ತಗ್ಗಿಸಿ ನಡೆಯುವ ಮರಿಯ ಕಣ್ಣಿಗೆ ಚುಚ್ಚುವ ಅಪಾಯವಿದೆ. ಹೆಸರು, ಉದ್ದು ಕೊಯ್ದು ಹರಗಿಟ್ಟ ಹೊಲ ಅಥವಾ ಹುಲ್ಲಿರುವ ಬೀಳುಭೂಮಿ ಇದಕ್ಕೆ ತಕ್ಕದ್ದು. ಬದುವಿನ ಕಲ್ಲುಗಳ ಹತ್ತಿರ ಜಾಡು ತುಳಿಯಬೇಡಿ, ಹಾವುಗಳಿರುವುದು ಅಲ್ಲಿಯೇ.

ಏಳರಿಂದ ಹನ್ನೆರಡು ತಿಂಗಳು: ಹೆಲ್ಪರ್ ಪ್ರವೇಶ

ಹಲ್ಲುಗಳೆಲ್ಲ ಬಂದು ಒಸಡು ಗಟ್ಟಿಯಾದ ಮೇಲೆ ಹೆಲ್ಪರ್ ಜೊತೆಗಿನ ಕೆಲಸ ಶುರುವಾಗುತ್ತದೆ, ಹಿಡಿಯುವ ವಸ್ತು ಚಿಂದಿಯಿಂದ ಬೈಟ್ ಪಿಲ್ಲೋಗೆ, ಅಂದರೆ ಕಚ್ಚಿ ಹಿಡಿಯಲೆಂದೇ ಮಾಡಿದ ಮೆತ್ತನೆಯ ದಿಂಬಿಗೆ ಬದಲಾಗುತ್ತದೆ. ಹ್ಯಾಂಡ್ಲರ್ ನಾಯಿಯನ್ನು ಹಾರ್ನೆಸ್‌ಗೆ ಕಟ್ಟಿದ ಹಗ್ಗದಲ್ಲಿ ಹಿಡಿದು ಒಂದೇ ಜಾಗದಲ್ಲಿ ನಿಲ್ಲುತ್ತಾನೆ. ಹಗ್ಗ ಬಿಗಿಯಾಗಿರಬೇಕು, ಆದರೆ ಅದರಲ್ಲಿ ಜಗ್ಗಾಟವಿರಬಾರದು. ಹೆಲ್ಪರ್ ನೇರವಾಗಿ ನಾಯಿಯ ಮೇಲೆ ಬರದೆ ಓರೆಯಾಗಿ ಹಾದುಹೋಗುತ್ತಾನೆ, ಅದರ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ನಾಯಿ ಬೊಗಳಿದಾಗ ಅವನು ಚಲಿಸುತ್ತಾನೆ, ಸುಮ್ಮನಾದಾಗ ನಿಲ್ಲುತ್ತಾನೆ. ತನ್ನ ಬೊಗಳುವಿಕೆಯೇ ಎದುರಾಳಿಯನ್ನು ಕುಣಿಸುತ್ತದೆ ಎಂಬ ಅರಿವು ನಾಯಿಗೆ ಹೀಗೆ ಬರುತ್ತದೆ. ಆಮೇಲೆ ಪಿಲ್ಲೋವನ್ನು ನಾಯಿಯ ಎದೆಯ ಎತ್ತರಕ್ಕೆ ಅಡ್ಡವಾಗಿ ಹಿಡಿದು ಹತ್ತಿರದಿಂದ ಹಾಯ್ದಾಗ ನಾಯಿ ಅದರ ನಡುಭಾಗವನ್ನು ಹಿಡಿಯುತ್ತದೆ. ಹಿಡಿದ ಕ್ಷಣ ಹೆಲ್ಪರ್ ಅದೇ ದಿಕ್ಕಿನಲ್ಲಿ ಒಂದು ಹೆಜ್ಜೆ ಸರಿದು, ಬಂದ ವೇಗವನ್ನು ತನ್ನ ಮೈಯಲ್ಲಿ ತೆಗೆದುಕೊಳ್ಳಬೇಕು. ಗೋಡೆಯಂತೆ ನಿಂತರೆ ನಾಯಿಯ ಕೊರಳಿಗೆ ಆಘಾತವಾಗುತ್ತದೆ.

ಹ್ಯಾಂಡ್ಲರ್ ಹಗ್ಗದ ಎಳೆತದಿಂದ ಹಿಂದಕ್ಕೆ ಸಣ್ಣ ಒತ್ತಡ ಕೊಟ್ಟಾಗ ಹಿಡಿತ ಗಟ್ಟಿಯಾಗುತ್ತದೆ, ಹೆಲ್ಪರ್ ಸಡಿಲಿಸಿದಾಗ ನಾಯಿ ಒಳಕ್ಕೆ ನುಗ್ಗುತ್ತದೆ, ನುಗ್ಗಿದ್ದಕ್ಕೆ ಗೆಲುವು ಸಿಗುತ್ತದೆ. ಚಿಂದಿಯ ಆಟದ ನಿಯಮವೇ ಇದು, ಈಗ ಮೂವರ ನಡುವೆ ನಡೆಯುತ್ತದೆ. ಗೆದ್ದ ಪಿಲ್ಲೋ ಹೊತ್ತುಕೊಂಡು ಹ್ಯಾಂಡ್ಲರ್ ಜೊತೆ ಒಂದು ಸುತ್ತು ಓಡಿ, ಅವನ ಪಕ್ಕದಲ್ಲಿ ಸಮಾಧಾನವಾಗಿ ನಿಲ್ಲುವುದು ಹಿಡಿಯುವುದರಷ್ಟೇ ಮುಖ್ಯ. ಒಂದು ಸರದಿಗೆ ಮೂರು ನಾಲ್ಕು ಹಿಡಿತ ಸಾಕು. ಸರದಿ ಮುಗಿದ ನಾಯಿ ನೆರಳಿನ ಕ್ರೇಟ್‌ಗೆ ಹೋಗಿ ಮಲಗಬೇಕು. ಇತರ ನಾಯಿಗಳ ಆಟ ನೋಡುತ್ತ ಗಂಟೆಗಟ್ಟಲೆ ಕಂಬಕ್ಕೆ ಕಟ್ಟಿಸಿಕೊಂಡು ಅರಚುವುದರಿಂದ ಹುಮ್ಮಸ್ಸು ಬರುತ್ತದೆಂದು ಕೆಲವರು ನಂಬುತ್ತಾರಾದರೂ, ನಾನು ಕಂಡಂತೆ ಅದರಿಂದ ಬರುವುದು ಗಂಟಲು ನೋವು ಮತ್ತು ನಿಯಂತ್ರಣವಿಲ್ಲದ ಉದ್ರೇಕ.

ಈ ವಯಸ್ಸಿನ ನಾಯಿಯನ್ನು ಬೆದರಿಸಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬೇಟೆಯ ಹುಮ್ಮಸ್ಸಿನಿಂದ ಹಿಡಿಯುವ ನಾಯಿಯ ಹಿಡಿತ ತುಂಬಿರುತ್ತದೆ, ಮೈ ಸಡಿಲವಾಗಿರುತ್ತದೆ, ಕಣ್ಣು ಶಾಂತವಾಗಿರುತ್ತದೆ. ಹೆದರಿ ತನ್ನನ್ನು ಉಳಿಸಿಕೊಳ್ಳಲು ಹಿಡಿಯುವ ನಾಯಿ ತುದಿಹಲ್ಲಿನಲ್ಲಿ ಕಚ್ಚುತ್ತದೆ, ಬಿಟ್ಟು ಬಿಟ್ಟು ಕಚ್ಚುತ್ತದೆ, ಗುರುಗುಟ್ಟುತ್ತದೆ, ಕಿವಿಗಳು ಹಿಂದಕ್ಕೆ ಅಂಟಿರುತ್ತವೆ. ಹೊರಗಿನಿಂದ ನೋಡುವವರಿಗೆ ಎರಡನೆಯದೇ ಹೆಚ್ಚು ಭಯಂಕರವಾಗಿ ಕಾಣುವುದರಿಂದ ಅದನ್ನು ಶೌರ್ಯವೆಂದು ಮೆಚ್ಚುವವರಿದ್ದಾರೆ. ಅಂಥ ನಾಯಿ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದಷ್ಟೇ ಅಲ್ಲ, ಮನೆಗೆ ಬಂದ ನೆಂಟನ ಕೈ ಎತ್ತಿದ್ದನ್ನು ಕಂಡು ಅವನನ್ನೂ ಕಚ್ಚಬಹುದು.

ಚೆನ್ನಾಗಿ ಹಿಡಿಯುತ್ತಿದ್ದ ಎಳೆಯ ನಾಯಿ ಇದ್ದಕ್ಕಿದ್ದಂತೆ ಬಿಡತೊಡಗಿದರೆ ಮೊದಲು ಅದರ ಬಾಯಿ ತೆರೆದು ನೋಡಿ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ರಕ್ತ ಹೀರುವ ಉಣ್ಣಿಗಳಿಂದ ಹರಡುವ ಎರ್ಲಿಕಿಯಾ, ಬೇಬಿಸಿಯಾ ಸೋಂಕುಗಳು ಸಾಮಾನ್ಯ. ಸಣ್ಣ ಜ್ವರ, ಮಂಕು, ಆಟದಲ್ಲಿ ನಿರಾಸಕ್ತಿ ಮೊದಲ ಚಿಹ್ನೆಗಳಾಗಿರುತ್ತವೆ. ದೊಡ್ಡ ತಪಾಸಣೆ ಬೇಕಾದಾಗ ಬೀದರ್‌ನ ಪಶುವೈದ್ಯಕೀಯ ಕಾಲೇಜು ಕಲಬುರಗಿಯಿಂದ ರೈಲುದಾರಿಯಲ್ಲಿ ಸುಮಾರು 110 ಕಿ.ಮೀ. ದೂರದಲ್ಲಿದೆ.

ಒಂದು ವರ್ಷದ ನಂತರ: ಸ್ಲೀವ್, ಬಿಡುವುದು, ಬೊಗಳಿ ಕಾಯುವುದು

ಹನ್ನೆರಡು ತಿಂಗಳ ಹೊತ್ತಿಗೆ ಪಿಲ್ಲೋದಿಂದ ಮೆತ್ತನೆಯ ಸ್ಲೀವ್‌ಗೆ, ಅದರಿಂದ ಗಟ್ಟಿ ಸ್ಲೀವ್‌ಗೆ ಹೋಗುವಾಗ ಒಂದು ಬದಲಾವಣೆಯನ್ನು ನಾಯಿ ಪೂರ್ತಿ ಅರಗಿಸಿಕೊಳ್ಳುವವರೆಗೆ ಮತ್ತೊಂದನ್ನು ತರಬಾರದು. ಹೊಸ ಸ್ಲೀವ್ ಬಂದ ದಿನ ಹಳೆಯ ಜಾಗ, ಹಳೆಯ ಹೆಲ್ಪರ್ ಇರಲಿ; ಹೊಸ ಹೆಲ್ಪರ್ ಬಂದ ದಿನ ಹಳೆಯ ಪಿಲ್ಲೋ ಇರಲಿ.

ಬಿಡುವ ಪಾಠವನ್ನು ಮನೆಯಲ್ಲಿ ಎರಡು ಟಗ್‌ಗಳಿಂದ, ಅಂದರೆ ಎಳೆದಾಡುವ ಆಟಿಕೆಗಳಿಂದ, ಕಲಿಸಿರಬೇಕು. ಕೈಯಲ್ಲಿರುವ ಟಗ್ ಅಲುಗಾಡದಂತೆ ತೊಡೆಗೆ ಒತ್ತಿ ಹಿಡಿದು, ಪದವನ್ನು ಒಂದೇ ಸಲ ಹೇಳಿ, ಕಾಯಿರಿ. ಸತ್ತ ವಸ್ತುವಿನಲ್ಲಿ ಆಸಕ್ತಿ ಕಳೆದುಕೊಂಡು ನಾಯಿ ಬಿಟ್ಟ ಕೂಡಲೇ ಎರಡನೆಯ ಟಗ್ ಜೀವ ತಾಳಬೇಕು. ಬಿಟ್ಟರೆ ಆಟ ಮತ್ತೆ ಸಿಗುತ್ತದೆ ಎಂಬ ನಂಬಿಕೆ ನೂರಾರು ಸಲ ಗಟ್ಟಿಯಾದ ಮೇಲೆ ಅದನ್ನೇ ಹೆಲ್ಪರ್ ಮುಂದೆ ತರಬೇಕು: ಹೆಲ್ಪರ್ ಸ್ಲೀವ್‌ಅನ್ನು ಮೈಗೊತ್ತಿ ಕಲ್ಲಾಗಿ ನಿಲ್ಲುತ್ತಾನೆ, ಹ್ಯಾಂಡ್ಲರ್ ಹೇಳುತ್ತಾನೆ, ನಾಯಿ ಬಿಡುತ್ತದೆ, ಬೊಗಳುತ್ತದೆ, ಅದಕ್ಕೆ ಪ್ರತಿಫಲವಾಗಿ ಮತ್ತೆ ಹಿಡಿತ ಸಿಗುತ್ತದೆ. ಒಂದೇ ಉಸಿರಿಗೆ ಹತ್ತು ಸಲ ಕೂಗುವುದು, ಕೊರಳಪಟ್ಟಿಯಿಂದ ಉಸಿರುಗಟ್ಟಿಸಿ ಬಿಡಿಸುವುದು ಇವೆರಡೂ ನಾಯಿ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುವುದನ್ನೇ ಕಲಿಸುತ್ತವೆ.

ಮರೆಯ ಹಿಂದೆ ನಿಂತ ಹೆಲ್ಪರ್‌ನನ್ನು ಮುಟ್ಟದೆ ಬೊಗಳಿ ಕಾಯುವ ಅಭ್ಯಾಸವನ್ನೂ ಹಗ್ಗದಲ್ಲೇ ಶುರುಮಾಡಬೇಕು. ನಾಯಿ ಸ್ಲೀವ್‌ಗೆ ಒಂದು ಮೊಳ ದೂರದಲ್ಲಿ ತಡೆಯಲ್ಪಡುವಷ್ಟು ಹಗ್ಗ ಬಿಟ್ಟು, ಮೊದಲು ಒಂದೇ ಬೊಗಳಿಗೆ, ಆಮೇಲೆ ಐದಕ್ಕೆ, ಆಮೇಲೆ ತಡೆಯಿಲ್ಲದ ಲಯಬದ್ಧ ಬೊಗಳುವಿಕೆಗೆ ಹಿಡಿತ ಕೊಡಬೇಕು. ಹದಿನಾಲ್ಕು ತಿಂಗಳ ಸುಮಾರಿಗೆ, ಮುಖ್ಯಸ್ಥ ಒಪ್ಪಿದ ನಾಯಿಗಳಿಗೆ ಮಾತ್ರ, ಹೆಲ್ಪರ್ ಮೆತ್ತನೆಯ ಕೋಲನ್ನು ತೋರಿಸುವುದು, ಧ್ವನಿ ಎತ್ತುವುದು, ಒಂದು ಹೆಜ್ಜೆ ಮುಂದೆ ಬರುವುದು ಇತ್ಯಾದಿ ಒತ್ತಡಗಳನ್ನು ಚೂರುಚೂರಾಗಿ ಸೇರಿಸಬಹುದು. ಒತ್ತಡದ ನಡುವೆಯೂ ಹಿಡಿತ ಸಡಿಲಿಸದೆ ಇದ್ದರೆ ಆ ಕ್ಷಣವೇ ಹೆಲ್ಪರ್ ಸೋಲಬೇಕು. ತಲೆ ತಿರುಗಿಸಿದರೆ, ಹಿಡಿತ ಸಡಿಲಾದರೆ ಅವತ್ತಿಗೆ ಹಿಂದಿನ ಹಂತಕ್ಕೆ ಮರಳಬೇಕು. ಎತ್ತರ ಜಿಗಿಯುವ, ಓಡಿಬಂದು ಡಿಕ್ಕಿ ಹೊಡೆಯುವ ಅಭ್ಯಾಸಗಳನ್ನು ಮೂಳೆಯ ಬೆಳವಣಿಗೆ ಪೂರ್ತಿಯಾಗುವವರೆಗೆ, ಅಂದರೆ ದೊಡ್ಡ ತಳಿಗಳಲ್ಲಿ ಸುಮಾರು ಒಂದೂವರೆ ವರ್ಷದವರೆಗೆ, ಮುಂದೂಡುವುದು ಕ್ಷೇಮ.

ಬೇಸಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ನಾಯಿಯ ಸಹಜ ಮೈಶಾಖ 38.3ರಿಂದ 39.2 ಡಿಗ್ರಿ, ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಮೈಯ ಶಾಖ ಹೊರಹೋಗಲು ತೇಕುವುದೊಂದೇ ದಾರಿ, ಮತ್ತು ಬಾಯಿತುಂಬ ಸ್ಲೀವ್ ಹಿಡಿದ ನಾಯಿ ಸರಿಯಾಗಿ ತೇಕಲಾರದು. ಹುಮ್ಮಸ್ಸಿನಲ್ಲಿರುವ ನಾಯಿ ತನಗೆ ದಣಿವಾಗಿದೆ ಎಂದು ತೋರಿಸುವುದೂ ಇಲ್ಲ. ಹಾಗಾಗಿ ಈ ಎರಡು ತಿಂಗಳು ರಕ್ಷಣಾ ಕೆಲಸವನ್ನು ನಿಲ್ಲಿಸಿ, ಸೂರ್ಯ ಮೇಲೇರುವ ಮೊದಲು ಸ್ವಲ್ಪ ಜಾಡು ಮತ್ತು ಮನೆಯೊಳಗೆ ವಿಧೇಯತೆಯ ಪಾಠ ಮಾತ್ರ ಇಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ. ಉಳಿದ ತಿಂಗಳುಗಳಲ್ಲೂ ಅಂಗೈಯ ಹಿಂಭಾಗವನ್ನು ನೆಲದ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬಾರದು.

ಕ್ಲಬ್ಬಿನಲ್ಲಿ ಥರ್ಮಾಮೀಟರ್, ದೊಡ್ಡ ತೊಟ್ಟಿಯಲ್ಲಿ ನೀರು, ಬ್ಯಾಟರಿ ಫ್ಯಾನ್ ಸದಾ ಇರಬೇಕು. ನಾಲಿಗೆ ತುದಿಯಲ್ಲಿ ಅಗಲವಾಗಿ ಚಮಚದಂತೆ ಬಾಗಿ ಜೋತುಬಿದ್ದರೆ, ಒಸಡು ಕಡುಗೆಂಪಾದರೆ, ನಡಿಗೆ ತೂರಾಡಿದರೆ ಮತ್ತೇನನ್ನೂ ಯೋಚಿಸದೆ ನಾಯಿಯನ್ನು ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಹಾಕಬೇಕು. ಒದ್ದೆ ಬಟ್ಟೆ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಮೊದಲು ತಂಪು ಮಾಡಿ, ಆಮೇಲೆ ವೈದ್ಯರಲ್ಲಿಗೆ ಒಯ್ಯುವುದು ಸರಿಯಾದ ಕ್ರಮ.

ಜನರ ಸುರಕ್ಷತೆ ಮತ್ತು ಕಾನೂನು

ಮೈದಾನದ ಸುತ್ತ ಹಗ್ಗ ಕಟ್ಟಿ, ಒಂದು ಸಲಕ್ಕೆ ಒಂದೇ ನಾಯಿ ಒಳಗಿರುವಂತೆ ನೋಡಿಕೊಳ್ಳಬೇಕು. ಆಟ ನೋಡಲು ಅಕ್ಕಪಕ್ಕದ ಹೊಲಗಳಿಂದ ಮಕ್ಕಳು ಬರುತ್ತಾರೆ, ಅವರನ್ನು ಗದರಿ ಓಡಿಸುವ ಬದಲು ಗೆರೆಯಾಚೆ ಕೂರಿಸಲು ಒಬ್ಬ ಸದಸ್ಯನನ್ನು ನೇಮಿಸಿ. ಹಲ್ಲು ತಾಗಿದ ಗಾಯ ಎಷ್ಟೇ ಸಣ್ಣದಿರಲಿ, ನಾಯಿಗೆ ಲಸಿಕೆ ಆಗಿರಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಹೆಲ್ಪರ್‌ಗಳು ರೇಬೀಸ್ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಂಡಿರುವುದು ಜಾಣತನ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಅಪರಾಧ. ರಾಟ್‌ವೀಲರ್ ಸೇರಿದಂತೆ ಹಲವು ತಳಿಗಳನ್ನು ನಿಷೇಧಿಸಲು ಹೊರಟ ಕೇಂದ್ರದ 2024ರ ಮಾರ್ಚ್ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದುಮಾಡಿತಾದರೂ, ಒಡೆಯರ ಹೊಣೆ ಅದರಿಂದ ಕಡಿಮೆಯಾಗಿಲ್ಲ.

ಮೊದಲ ಪರೀಕ್ಷೆ

ಐಜಿಪಿಗೆ ಮುನ್ನ ಬಿಎಚ್ ಎಂಬ ಪರೀಕ್ಷೆ ದಾಟಬೇಕು. ಅದಕ್ಕೆ ನಾಯಿಗೆ ಕನಿಷ್ಠ 15 ತಿಂಗಳಾಗಿರಬೇಕು. ಲೀಶ್ ಇದ್ದು ಮತ್ತು ಇಲ್ಲದೆ ಪಕ್ಕದಲ್ಲಿ ನಡೆಯುವುದು, ಕೂರುವುದು, ಮಲಗಿಸಿ ದೂರದಿಂದ ಕರೆದಾಗ ಬರುವುದು, ಮತ್ತೊಂದು ನಾಯಿ ಕೆಲಸ ಮಾಡುತ್ತಿರುವಾಗ ಸುಮ್ಮನೆ ಮಲಗಿರುವುದು ಒಂದು ಭಾಗ. ಸೈಕಲ್ ಸವಾರರು, ಓಡುವವರು, ವಾಹನಗಳು, ಗುಂಪಿನ ಜನರ ನಡುವೆ ನಾಯಿಯ ನಡತೆ ಎರಡನೆಯ ಭಾಗ. ಎಳವೆಯಲ್ಲಿ ಅಪ್ಪನ ಕೆರೆಯ ದಂಡೆಯಲ್ಲಿ ಕಳೆದ ಸಂಜೆಗಳ ಫಲ ಇಲ್ಲಿ ಕಾಣುತ್ತದೆ. ಐಜಿಪಿ ಮೊದಲ ಹಂತಕ್ಕೆ 18 ತಿಂಗಳು ತುಂಬಿರಬೇಕು; 18 ತುಂಬಿದ ಕೂಡಲೇ ಹೋಗಲೇಬೇಕೆಂದೇನಿಲ್ಲ, ಎರಡು ವರ್ಷಕ್ಕೆ ಹೋದ ನಾಯಿಗಳು ಹೆಚ್ಚು ನೆಮ್ಮದಿಯಿಂದ ಕೆಲಸ ಮಾಡುವುದನ್ನು ಕಂಡಿದ್ದೇನೆ.

ಮಾನ್ಯತೆಯುಳ್ಳ ತೀರ್ಪುಗಾರರ ಪರೀಕ್ಷೆಗಳಿಗಾಗಿ ನಮ್ಮವರು ಸಾಮಾನ್ಯವಾಗಿ ದೊಡ್ಡ ನಗರಗಳಿಗೆ ಪ್ರಯಾಣ ಮಾಡಬೇಕಾಗುತ್ತದೆ. ಪರೀಕ್ಷೆಯ ಒಂದು ದಿನ ಮೊದಲೇ ತಲುಪುವಂತೆ ರಾತ್ರಿಯ ತಂಪಿನಲ್ಲಿ ಹೊರಡಿ, ಕ್ರೇಟ್‌ನಲ್ಲಿ ನಾಯಿ ಕಾಲುಚಾಚಿ ಮಲಗುವಷ್ಟು ಜಾಗವಿರಲಿ, ಮನೆಯ ನೀರನ್ನೇ ಕ್ಯಾನಿನಲ್ಲಿ ತುಂಬಿಕೊಂಡು ಹೋಗಿ. ಆ ಮೈದಾನದಲ್ಲಿ ಹಿಂದಿನ ಸಂಜೆ ಅನುಮತಿ ಕೇಳಿ ಒಂದು ಸುತ್ತು ನಡೆಸಿ, ಆದರೆ ಸ್ಲೀವ್ ತೋರಿಸಬೇಡಿ. ಲಸಿಕೆಯ ಪುಸ್ತಕ, ಮೈಕ್ರೋಚಿಪ್ ಸಂಖ್ಯೆ, ನೋಂದಣಿ ಪತ್ರಗಳು ಒಂದೇ ಚೀಲದಲ್ಲಿರಲಿ. ತೀರ್ಪುಗಾರರು ಮೊದಲು ಕೇಳುವುದು ಅವನ್ನೇ.